ನಾಲ್ಕು ಚಕ್ರದ ದನಗಾಹಿ

ನಮ್ಮ ಯಜಮಾನರು ಬೈಕಿಗೂ ಹೆಸರಿಡುವ ಪೈಕಿ. ಅಂಗಳದಲ್ಲಿ ಸಾಲಾಗಿ ನಿಂತ ನಾಲ್ಕು ಚಕ್ರದ ಬೈಕುಗಳಲ್ಲಿ ಕೆಂಪಗಿರುವುದು ಕೆಂಚಿ, ಬಣ್ಣ ಎದ್ದುಹೋಗಿ ಮಚ್ಚೆ ಮಚ್ಚೆಯಾಗಿರುವುದು ಮಚ್ಚಿ, ಬೆಳಿಗ್ಗೆ ಒಂದೇ ಸಲಕ್ಕೆ ಚಾಲೂ ಆಗದೆ ಕೆಮ್ಮುವುದು ಮುದುಕಿ. ಎಲ್ಲ ಅವರು ಹಿಂದೆ ಸಾಕಿದ್ದ ಕುದುರೆಗಳ ಹೆಸರುಗಳೇ. ಕುದುರೆ ಮಾರಿ ಬೈಕು ತಂದು ಯಾವ ಕಾಲವಾಯಿತೋ, ಈಗಲೂ ಕೀಲಿ ತಿರುಗಿಸುವ ಮುಂಚೆ ನಾಲಗೆಯಿಂದ ಟಕ್ ಟಕ್ ಎಂದು ಸದ್ದು ಮಾಡಿ, ಸೀಟಿನ ಮೇಲೆ ಒಮ್ಮೆ ಕೈಯಾಡಿಸುತ್ತಾರೆ. ನೋಡಿದವರು ನಗುತ್ತಾರೆ. ಮೊದಮೊದಲು ನನಗೆ ನಾಚಿಕೆಯಾಗುತ್ತಿತ್ತು, ಈಗ ಅಭ್ಯಾಸವಾಗಿಬಿಟ್ಟಿದೆ.

ಅವರ ಹೆಸರು ಹ್ಯೊನ್ ದಾಲ್‌ಹೊ. ಕೊರಿಯಾದ ಜೇಜು ದ್ವೀಪದ ಒಳನಾಡಿನ ಸೊಂಗ್‌ದಾಂಗ್ ಊರಿನವರು. ರಜೆಗೆ ಬಂದವರನ್ನು ಬೈಕಿನ ಮೇಲೆ ಗುಡ್ಡದ ಹುಲ್ಲುಗಾವಲುಗಳಲ್ಲಿ ಸುತ್ತಾಡಿಸಿಕೊಂಡು ಬರುವುದು ನಮ್ಮ ಕಸುಬು. ಅವರು ಮುಂದೆ ದಾರಿ ತೋರಿಸುತ್ತಾರೆ, ಬಂದವರು ಬಾತುಮರಿಗಳ ಹಾಗೆ ಸಾಲಾಗಿ ಹಿಂದೆ ಹೋಗುತ್ತಾರೆ. ನಾನು ಗೇಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿ ಕೂತು ಹೆಲ್ಮೆಟ್ಟು ಹಂಚುತ್ತೇನೆ, ಬೂಟು ಒರೆಸುತ್ತೇನೆ, ಧೂಳು ಮೆತ್ತಿಕೊಂಡು ಮರಳಿದವರಿಗೆ ಮೂಲಂಗಿ ಪಲ್ಯ ಸುತ್ತಿದ ದೋಸೆಯಂಥ ಬಿಂಗ್‌ತೊಕ್ ಮಾಡಿಕೊಡುತ್ತೇನೆ. ಹೆಸರಿಗೆ ಮಾಲೀಕರು ಅವರು. ಬೈಕು ಉರುಳಿಸಿಕೊಂಡು ಬಂದವರನ್ನು ಬಯ್ಯುವ ಕೆಲಸ ಮಾತ್ರ ನನ್ನದು, ಏಕೆಂದರೆ ಆ ಮನುಷ್ಯನಿಗೆ ಬಯ್ಯಲು ಬರುವುದಿಲ್ಲ.

ಮೊದಲು ಅವರು ದನಗಾಹಿ. ಹುಡುಗರಾಗಿದ್ದಾಗಿನಿಂದ ಇಡೀ ಊರಿನ ದನ ಹೊಡೆದುಕೊಂಡು ಗುಡ್ಡಕ್ಕೆ ಹೋಗುತ್ತಿದ್ದರು. ಮಂಜು ಇಳಿದರೆ ಮುಂದಿದ್ದ ದನದ ಬಾಲವೂ ಕಾಣದ ಜಾಗ ಅದು. ಅಂಥಲ್ಲಿ ನಿಂತು ಅವರು ಒಂದು ಕೂಗು ಹಾಕಿದರೆ, ಅದು ಹಾಡೂ ಅಲ್ಲ ಮಾತೂ ಅಲ್ಲ, ಹಳ್ಳದಾಚೆಯ ದನ ಕೂಡ ತಲೆಯೆತ್ತಿ ಬರುತ್ತಿದ್ದವಂತೆ. ನಾನು ಸಮುದ್ರದ ದಂಡೆಯ ಊರಿನವಳು, ದನದ ವಿಷಯ ನನಗೇನು ಗೊತ್ತು. ಈ ಗಂಡಸು ಬಿಡುತ್ತಿದ್ದಾನೆ ಎಂದೇ ಅಂದುಕೊಂಡಿದ್ದೆ. ಮದುವೆಯಾದ ಮೇಲೆ ಕಣ್ಣಾರೆ ಕಂಡು ಬಾಯಿ ಮುಚ್ಚಿಕೊಂಡೆ.

ಆಮೇಲೆ ಮದುಮಕ್ಕಳ ಕಾಲ ಬಂತು. ಆಹಾ, ಆ ಕಾಲ. ಕೊರಿಯಾದಲ್ಲಿ ಮದುವೆಯಾದವರೆಲ್ಲ ಮಾರನೆಯ ದಿನವೇ ವಿಮಾನ ಹತ್ತಿ ನಮ್ಮ ದ್ವೀಪಕ್ಕೇ ಬರುತ್ತಿದ್ದರು. ಟ್ಯಾಕ್ಸಿಯವನೇ ಫೋಟೋದವನು, ಅವನೇ ಪುರೋಹಿತ, ಅವನೇ ನಾಟಕದ ಮೇಷ್ಟ್ರು. ಹೀಗೆ ನಿಲ್ಲಿ, ಹಾಗೆ ನೋಡಿ, ಹೆಂಡತಿಯನ್ನು ಎತ್ತಿಕೊಳ್ಳಿ ಎಂದು ಅಪ್ಪಣೆ ಕೊಡುತ್ತಿದ್ದ. ಹುಲ್ಲುಗಾವಲಿಗೆ ಬಂದರೆ ಕುದುರೆ ಹತ್ತಿಸುವುದು ನಮ್ಮವರ ಪಾಳಿ. ರೇಷ್ಮೆಯ ಜರತಾರಿ ಲಂಗದಲ್ಲಿ ನಡುಗುತ್ತಿದ್ದ ಹುಡುಗಿಯರಿಗೆ, "ಲಗಾಮು ಅಷ್ಟು ಎಳೀಬೇಡಿ ತಾಯಿ, ಅದು ನಿಮ್ಮ ಗಂಡ ಅಲ್ಲ," ಎನ್ನುತ್ತಿದ್ದರು. ಗಂಡಂದಿರು ನಕ್ಕರೆ ಹುಡುಗಿಯರಿಗೂ ಹೆದರಿಕೆ ಬಿಡುತ್ತಿತ್ತು.

ನಾನು ಆಗ ನಮ್ಮ ಹೊಲದ ಸೊಟ್ಟ ಕ್ಯಾರೆಟ್ಟುಗಳನ್ನು ಬುಟ್ಟಿಯಲ್ಲಿ ಹೊತ್ತು ಅಲ್ಲಿಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಮದುಮಕ್ಕಳು ಕೊಂಡು ಕುದುರೆಗೆ ತಿನ್ನಿಸುತ್ತಿದ್ದರು. ಯಾರೂ ಕೊಳ್ಳದ ದಿನ ಈ ಮನುಷ್ಯ ಇಡೀ ಬುಟ್ಟಿ ತೆಗೆದುಕೊಂಡುಬಿಡುತ್ತಿದ್ದರು. ಕುದುರೆಗಳಿಗೆ ಹೊಟ್ಟೆ ಕೆಡುವಷ್ಟು ಕ್ಯಾರೆಟ್ಟು ಆದ ಮೇಲೆ ಅವರ ದೊಡ್ಡಪ್ಪನೇ ನಮ್ಮ ಮನೆಗೆ ಬಂದು ಸಂಬಂಧ ಕೇಳಿದರು. ಅದನ್ನು ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.

ಕೆಲವು ವರ್ಷಗಳಲ್ಲಿ ಮದುಮಕ್ಕಳು ದೂರದ ದೇಶಗಳಿಗೆ ಹಾರತೊಡಗಿದರು. ಹುಲ್ಲುಗಾವಲು ಬಿಕೋ ಎನ್ನತೊಡಗಿತು. ಕುದುರೆಗಳನ್ನು ಲಾರಿಗೆ ಹತ್ತಿಸಿದ ದಿನ ನಮ್ಮವರು ಊಟ ಮಾಡಲಿಲ್ಲ. ಈ ಬೈಕುಗಳು ಬಂದಾಗ, ಸಗಣಿ ಹಾಕದ ಪ್ರಾಣಿಯನ್ನು ಹೇಗೆ ನಂಬುವುದು ಎಂದು ಗೊಣಗಿದರು. ಆದರೆ ದನ ನಡೆದ ಹಳೆಯ ಜಾಡಿನಲ್ಲೇ ಬೈಕು ಓಡಿಸಬಹುದು ಎಂದು ಗೊತ್ತಾದ ಮೇಲೆ ಮುಖ ಅರಳಿತು. ಗುಡ್ಡದ ತುದಿಯಲ್ಲಿ ಎಲ್ಲರ ಇಂಜಿನ್ನೂ ನಿಲ್ಲಿಸಿ ಆ ಹಳೆಯ ಕೂಗು ಹಾಕುತ್ತಾರೆ. ರಾಜಧಾನಿ ಸೋಲ್‌ನಿಂದ ಬಂದ ಹುಡುಗ ಹುಡುಗಿಯರು ಫೋನು ಹಿಡಿದು ನಿಲ್ಲುತ್ತಾರೆ. ಕೆಳಗೆ ಮೇಯುವ ಯಾರದೋ ದನಗಳು ಕತ್ತೆತ್ತಿ ನೋಡುತ್ತವೆ.

ಅಲ್ಲಿಂದ ಇಳಿಯುವ ದಾರಿಯಲ್ಲಿ ಇನ್ನೊಂದು ಕಡೆ ನಿಲ್ಲಿಸುತ್ತಿದ್ದರು, ಅವರ ಅವ್ವನ ಸಮಾಧಿಯ ಹತ್ತಿರ. ನಮ್ಮ ದ್ವೀಪದಲ್ಲಿ ಸತ್ತವರು ಹೊಲ, ಗುಡ್ಡ, ಹುಲ್ಲುಗಾವಲುಗಳ ನಡುವೆಯೇ ಮಲಗುತ್ತಾರೆ. ದುಂಡಗೆ ಒಂದು ಹುಲ್ಲಿನ ದಿಬ್ಬ, ದನ ನುಗ್ಗದಂತೆ ಸುತ್ತ ಕರಿಕಲ್ಲಿನ ಗೋಡೆ. ಚಾಂದ್ರಮಾನದ ಎಂಟನೇ ತಿಂಗಳು ಹುಟ್ಟಿದರೆ ಗಂಡಸರೆಲ್ಲ ಕುಡುಗೋಲು ಹಿಡಿದು ಹೊರಟು ತಮ್ಮವರ ದಿಬ್ಬದ ಹುಲ್ಲು ಕೊಯ್ದು ಬರಬೇಕು. ಬೇರೆ ಏನು ತಪ್ಪಿದರೂ ಇದು ತಪ್ಪುವಂತಿಲ್ಲ. ಕೊಯ್ಯದೆ ಬಿಟ್ಟ ಮಗನ ಬಗ್ಗೆ ಊರು ಏನು ಮಾತಾಡುತ್ತದೆ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮವರ ಅವ್ವ ಸತ್ತಾಗ ಇವರಿಗೆ ಅವ್ವ ಎಂದು ಕರೆಯಲೂ ಬರುತ್ತಿರಲಿಲ್ಲ. ಅಪ್ಪ ದೋಣಿಯಲ್ಲಿ ಹೋದವರು ಬರಲಿಲ್ಲ. ಇವರು ಹುಡುಗರಿದ್ದಾಗ ದೊಡ್ಡಪ್ಪ ಒಂದು ಸಂಜೆ ದನ ಹೊಡೆದುಕೊಂಡು ಬರುವಾಗ, ಕುದುರೆಯ ಮೇಲಿನಿಂದಲೇ ಚಾವಟಿ ಚಾಚಿ, ಅಗೋ ಅಲ್ಲಿ ನಿಮ್ಮವ್ವ ಎಂದು ತೋರಿಸಿದರಂತೆ. ಮಾರನೆಯ ದಿನ ಇವರು ಒಬ್ಬರೇ ಕುಡುಗೋಲು ಹಿಡಿದು ಹೋದರು. ದೊಡ್ಡಪ್ಪ ಆ ಚಳಿಗಾಲ ಕುದುರೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಗುಡ್ಡ ಹತ್ತಲಿಲ್ಲ. ಅಂದಿನಿಂದ ಪ್ರತಿ ವರ್ಷ ಇವರೇ ಕೊಯ್ಯುತ್ತಿದ್ದರು.

ಅವ್ವನ ಒಂದು ಫೋಟೋ ಇಲ್ಲ, ಒಂದು ಬಟ್ಟೆ ಇಲ್ಲ. ಇದ್ದದ್ದು ಆ ದಿಬ್ಬ, ಅದರ ಮುಂದೆ ಮೊಣಕಾಲೆತ್ತರದ ಒಂದು ಕಲ್ಲಿನ ಮಗು. ಸಮಾಧಿಯ ಮುಂದೆ ಅಂಥ ಮಕ್ಕಳನ್ನು ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಇದರ ಕೈಯಲ್ಲಿ ಅನ್ನ ಬಡಿಸುವ ಸಟ್ಟುಗ ಇತ್ತು, ಒಂದು ಕಿವಿ ಇರಲಿಲ್ಲ. ಅಪ್ಪ ಹೋಗುವ ಮುಂಚೆ ಅವ್ವನಿಗಾಗಿ ನಿಲ್ಲಿಸಿದ್ದು ಎಂದು ನಮ್ಮವರು ನಂಬಿದ್ದರು. ನಮ್ಮಪ್ಪನಿಗೆ ಅವ್ವನ ಮೇಲೆ ಎಷ್ಟು ಪ್ರೀತಿಯಿತ್ತು ನೋಡು ಎಂದು ನನಗೆ ಎಷ್ಟು ಸಲ ಹೇಳಿದ್ದಾರೋ. ನನ್ನ ಜೊತೆ ಜಗಳವಾದರೂ ಅಲ್ಲಿಗೇ ಹೋಗಿ ಕೂರುತ್ತಿದ್ದರು. ಬರುವಾಗ ತಣ್ಣಗಾಗಿ ಬರುತ್ತಿದ್ದರು, ಆ ಅತ್ತೆಯ ಋಣ ನನ್ನ ಮೇಲೂ ಇತ್ತು.

ಆ ವರ್ಷ ಹುಲ್ಲು ಕೊಯ್ದು ಇನ್ನೂ ಒಂದು ವಾರವಾಗಿರಲಿಲ್ಲ. ಬೆಳಿಗ್ಗೆ ಇಬ್ಬರು ಹೆಂಗಸರು ಬಂದರು. ಒಬ್ಬರು ಎಪ್ಪತ್ತು ದಾಟಿದವರು, ಇನ್ನೊಬ್ಬಳು ಅವರ ಮಗಳು ಚಿಹಾರು. ಓಸಾಕಾದಿಂದ ರಜೆಗೆ ಬಂದವರು. ಮಗಳಿಗೆ ಜಪಾನಿ ಬಿಟ್ಟು ಬೇರೆ ಬಾರದು. ಆದರೆ ತಾಯಿ ಬಾಯಿ ಬಿಟ್ಟರೆ ನಮ್ಮಜ್ಜಿಯ ಕಾಲದ ಅಚ್ಚ ಜೇಜು ಮಾತು, ಈಗ ಇಲ್ಲೇ ಹುಟ್ಟಿದವರೂ ಮರೆತ ಮಾತು. ಹೆಸರು ಯಾಂಗ್ ಇನ್‌ಸುಕ್. ಚಿಕ್ಕವರಿದ್ದಾಗ ಅಪ್ಪನ ಜೊತೆ ದೋಣಿ ಹತ್ತಿ ಹೋದವರಂತೆ, ಮತ್ತೆ ಬಂದದ್ದು ಇದೇ ಮೊದಲು. ಆ ಮಾತು ಕೇಳುತ್ತ ನನಗೆ ಅಜ್ಜಿಯ ಅಡುಗೆಮನೆಯ ಹೊಗೆಯೇ ಮೂಗಿಗೆ ಬಂದಂತಾಯಿತು.

ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ, ಈ ವಯಸ್ಸಿಗೆ ಈ ಧೂಳು ಯಾಕೆ ಬೇಕಿತ್ತಕ್ಕಾ, ಕೆಳಗೆ ಸಮುದ್ರದ ಹತ್ತಿರ ಕಾಫಿ ಕುಡಿಯುತ್ತ ಕೂರಬಹುದಿತ್ತಲ್ಲ ಎಂದು ತಮಾಷೆ ಮಾಡಿದೆ.

"ಮೋಜಿಗೆ ಬಂದಿಲ್ಲ ಕಣವ್ವ," ಎಂದರು ಅವರು. "ನಮ್ಮವ್ವ ಈ ಗುಡ್ಡದ ಮಗ್ಗುಲಾಗೆ ಎಲ್ಲೋ ಮಲಗವ್ಳೆ. ಕಾರು ಹೋಗಲ್ಲ, ನಂಗೆ ನಡಿಯಕ್ಕಾಗಲ್ಲ. ಈ ಬೈಕಾದ್ರೆ ಹೋಯ್ತದೆ ಅಂದ್ರು."

ಗುರುತು ಸಿಕ್ಕೀತೇ ಎಂದು ಕೇಳಿದೆ. ಮುಳ್ಳಿನಲ್ಲಿ ಮುಚ್ಚಿಹೋಗಿದ್ದರೂ ಕಲ್ಲಿನ ಮಗು ಸಿಕ್ಕರೆ ಸಾಕು ಎಂದರು. ಗೋಡೆ ಕಟ್ಟುವ ಕೆಲಸದ ಅವರಪ್ಪ, ಕೆತ್ತನೆ ಬಾರದಿದ್ದರೂ ತಾನೇ ಕೂತು ಕೆತ್ತಿದ್ದನಂತೆ. "ಅವ್ವ ಕಡೇ ದಿನದವರ್ಗೂ ಬಡಿಸಿದ್ಲು ಅಂತ ಅದರ ಕೈಗೆ ಸಟ್ಟುಗ ಕೊಟ್ಟ. ಉಳಿ ತಪ್ಪಿ ಒಂದು ಕಿವಿ ಹಾರೋಯ್ತು. ಅವಳಿದ್ದಿದ್ರೆ ನಗೋಳು ಅಂದ್ಕೊಂಡು ಅಪ್ಪ ಅತ್ತ."

ಪಟ್ಟಿ ಅರ್ಧಕ್ಕೇ ಬಿಟ್ಟೆ. ಏನೋ ನೆಪ ಹೇಳಿ ಹೊರಗೆ ಬಂದೆ. ನಮ್ಮವರು ಮುದುಕಿಯನ್ನು ಚಾಲೂ ಮಾಡಲು ಪರದಾಡುತ್ತಿದ್ದರು. ಅರವತ್ತು ದಾಟಿದ ಮನುಷ್ಯ, ಇವರಿಗೆ ಇರುವುದೇ ಅಷ್ಟು ಅವ್ವ, ಅದನ್ನೂ ಈಗ ಕಿತ್ತುಕೊಳ್ಳಬೇಕೇ ಎಂದುಕೊಂಡೆ. ಒಳಗೆ ಕೂತ ಆ ತಾಯಿಯ ಮೇಲೆ ಒಂದು ಗಳಿಗೆ ಕೋಪವೂ ಬಂತು. ಮೇಲಿನ ದಾರಿ ಕೆಸರಾಗಿದೆ, ಇವತ್ತು ಕೆಳಗಿನ ದಾರಿಯಲ್ಲೇ ಕರೆದುಕೊಂಡು ಹೋಗಿ ಎಂದೆ. ಎಲ್ಲಿಯ ಕೆಸರು, ನಿನ್ನೆ ತಾನೇ ಧೂಳು ಕುಡಿದು ಬಂದೆ ಎಂದರು.

ಇನ್ನೇನು ಹೇಳಲಿ. ಶೆಡ್ಡಿಗೆ ಬೀಗ ಹಾಕಿ ನಾನೂ ಒಂದು ಹೆಲ್ಮೆಟ್ಟು ಹಾಕಿಕೊಂಡು ಮಚ್ಚಿಯನ್ನು ಹತ್ತಿದೆ. ನಾನು ಯಾವತ್ತೂ ಹೋಗುವವಳಲ್ಲ.

"ಏನಿದು, ಇವತ್ತು ಸೂರ್ಯ ಯಾವ ಕಡೆ ಹುಟ್ಟಿದಾನೆ?" ಎಂದು ನಮ್ಮವರು ನಕ್ಕರು.

ಇನ್‌ಸುಕ್ ಅಕ್ಕ ಅವರ ಹಿಂದೆ ಸೊಂಟ ಹಿಡಿದು ಕೂತರು. ನಡುವೆ ಚಿಹಾರು, ಕೊನೆಗೆ ನಾನು. ದಾರಿಯುದ್ದಕ್ಕೂ ನಮ್ಮವರದೂ ಅಕ್ಕನದೂ ಮಾತೇ ಮಾತು. ಇಂಜಿನ್ನಿನ ಸದ್ದಿನಲ್ಲಿ ಕೇಳಲೆಂದು ಇಬ್ಬರೂ ಕಿರುಚಿಕೊಳ್ಳುತ್ತಿದ್ದರು. ಚಳಿಗಾಲ ಮುಗಿದೊಡನೆ ಗುಡ್ಡಕ್ಕೆ ಬೆಂಕಿ ಹಾಕುತ್ತಿದ್ದುದು, ಬೂದಿಯಲ್ಲಿ ಜರಿಗಿಡದ ಚಿಗುರು ಏಳುತ್ತಿದ್ದುದು, ಅದನ್ನು ಕಿತ್ತು ಲಂಗದಲ್ಲಿ ತುಂಬಿಕೊಳ್ಳುತ್ತಿದ್ದುದು ಎಲ್ಲ ಅಕ್ಕನಿಗೆ ನೆನಪಿತ್ತು. ತುದಿಯಲ್ಲಿ ನಮ್ಮವರು ಕೂಗು ಹಾಕಿದಾಗ ಅಕ್ಕ ಮೆಲ್ಲಗೆ ತಾವೂ ದನಿಗೂಡಿಸಿದರು. ಯಾರೂ ಹಾಗೆ ದನಿಗೂಡಿಸಿದ್ದು ನಮ್ಮವರು ಎಷ್ಟೋ ವರ್ಷದಿಂದ ಕೇಳಿರಲಿಲ್ಲ. ಅವರ ಕಣ್ಣು ತುಂಬಿತು. ನನಗಂತೂ ಬೈಕು ಇಲ್ಲೇ ಕೆಟ್ಟು ನಿಲ್ಲಲಿ ಎನಿಸುತ್ತಿತ್ತು.

ಕೆಟ್ಟು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬಂದು ನಮ್ಮವರು ಎಂದಿನ ಜಾಗದಲ್ಲಿ ಇಂಜಿನ್ ಆರಿಸಿದರು. ನಮ್ಮವ್ವ ಇಲ್ಲಿದ್ದಾಳೆ, ಒಂದು ನಮಸ್ಕಾರ ಮಾಡಿ ಬರುತ್ತೇನೆ, ಆಮೇಲೆ ನಿಮ್ಮವ್ವನನ್ನು ಹುಡುಕೋಣ ಎಂದು ಅಕ್ಕನಿಗೆ ಹೇಳಿ, ಗೋಡೆಯ ಸಂದಿನಿಂದ ಒಳಗೆ ಹೋಗಿ ಮಂಡಿಯೂರಿ ತಲೆ ನೆಲಕ್ಕೆ ತಾಗಿಸಿದರು. ಹಿಂದೆಯೇ ಇಳಿದು ಬಂದ ಅಕ್ಕ ಗೋಡೆಯ ಹತ್ತಿರ ನಿಂತುಬಿಟ್ಟರು. ಕೈ ಬಾಯಿಗೆ ಹೋಯಿತು. ಹುಲ್ಲು ಒಪ್ಪವಾಗಿ ಕೊಯ್ದ ದಿಬ್ಬವನ್ನು, ಕಲ್ಲಿನ ಮಗುವನ್ನು, ನೆಲಕ್ಕೆ ತಲೆಯಿಟ್ಟ ಈ ಗಂಡಸನ್ನು ಒಂದಾದ ಮೇಲೊಂದು ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಚಿಹಾರುಗೆ ಇದೆಲ್ಲ ಎಲ್ಲಿಂದ ತಿಳಿಯಬೇಕು. ಆ ಸಟ್ಟುಗದ ಕಥೆ ಕೇಳಿಯೇ ಬೆಳೆದವಳು. ಅಮ್ಮನ ತೋಳು ಹಿಡಿದು, ಕಲ್ಲಿನ ಮಗುವಿಗೆ ಬೆರಳು ತೋರಿಸಿ, ಜಪಾನಿಯಲ್ಲಿ ಗಡಗಡ ಹೇಳತೊಡಗಿದಳು. ಅಕ್ಕ ಅವಳ ಬಾಯಿಗೆ ಕೈಯಿಟ್ಟರು. ಅಷ್ಟರಲ್ಲಿ ನಮ್ಮವರು ತಲೆಯೆತ್ತಿದ್ದರು. ಜಪಾನಿನವರನ್ನು ಕುದುರೆ ಹತ್ತಿಸಿ ಹತ್ತಿಸಿ ಆ ಭಾಷೆ ಅವರಿಗೆ ಅಷ್ಟಿಷ್ಟು ಬರುತ್ತದೆ. ಅಜ್ಜಿ, ಅಜ್ಜ ಕೆತ್ತಿದ್ದು, ಕಿವಿ, ಇಷ್ಟು ಸಾಕಿತ್ತು.

"ಅಕ್ಕಾ, ನೀವು ಹುಡುಕ್ತಿರೋದು ಇದನ್ನೇನಾ?"

"ಅಲ್ಲ ಕಣಪ್ಪ. ನಂದು ಬ್ಯಾರೆ. ಇಲ್ಲೆಲ್ಲೂ ಕಾಣ್ತಿಲ್ಲ, ನಡಿ ಹೋಗಾಣ."

ಹೇಳುವಾಗ ಅವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಸುಳ್ಳು ಹೇಳಲು ಬಾರದ ಜೀವ. ನಮ್ಮವರು ಎದ್ದು ನಿಂತು ನನ್ನ ಕಡೆ ತಿರುಗಿದರು. ನನಗೆ ಮೊದಲೇ ಗೊತ್ತಿತ್ತು ಎಂದು ನನ್ನ ಮುಖದ ಮೇಲೇ ಬರೆದಿತ್ತು ಅಂತ ಕಾಣುತ್ತದೆ. ಜೇಬಿನಿಂದ ಫೋನು ತೆಗೆದು ಊರಿನಲ್ಲಿರುವ ದೊಡ್ಡಮ್ಮನಿಗೆ, ಅದೇ ದೊಡ್ಡಪ್ಪನ ಹೆಂಡತಿಗೆ, ಕರೆ ಮಾಡಿದರು. ತೊಂಬತ್ತರ ಮುದುಕಿ, ಕಿವಿ ಮಂದ, ಆದರೆ ತಲೆ ಕನ್ನಡಿಯ ಹಾಗೆ. ಇಂಜಿನ್ನಿನ ಸದ್ದಿಗೆ ನಮ್ಮವರ ಕಿವಿಯೂ ಮಂದವಾಗಿರುವುದರಿಂದ ಮಾತೆಲ್ಲ ಸ್ಪೀಕರಿನಲ್ಲೇ. ಅವ್ವನನ್ನು ಮಣ್ಣು ಮಾಡಿದ ದಿನ ನೀವು ಬಂದಿದ್ದಿರಲ್ಲ, ಸಮಾಧಿ ಸರಿಯಾಗಿ ಎಲ್ಲಿ ಎಂದು ಕೇಳಿದರು.

"ವರ್ಷಾ ವರ್ಷಾ ಕೊಯ್ಯೋನು ನೀನು, ನನ್ನ ಕೇಳ್ತೀಯೇನೋ? ದಾರಿ ಕಡೆ ಕಲ್ಲಿನ ಮಗು ಇರೋದು ಜಪಾನಿಗೆ ಹೋದ ಯಾಂಗ್ ಮನೆಯೋರ್ದು. ನಿಮ್ಮವ್ವಂದು ಅದರ ಹಿಂದೆ, ದನದ ಗೋಡೆಯಿಂದ ಆಚೆ. ನಿನ್ನ ದೊಡ್ಡಪ್ಪ ತೋರಿಸಿದ್ರಲ್ಲೋ. ಈ ಸಲ ಚೆನ್ನಾಗಿ ಕೊಯ್ದೆ ತಾನೆ?"

"ಕೊಯ್ತೀನಿ ದೊಡ್ಡಮ್ಮ," ಎಂದು ಫೋನು ಇಟ್ಟರು.

ಹೆಂಗಸರು ಹುಲ್ಲು ಕೊಯ್ಯಲು ಹೋಗುವ ರೂಢಿ ನಮ್ಮಲ್ಲಿಲ್ಲ. ದೊಡ್ಡಮ್ಮ ಒಂದು ಸಲ ಇವರ ಜೊತೆ ಬಂದಿದ್ದರೆ ಸಾಕಿತ್ತು. ಬಂದಿರಲಿಲ್ಲ. ಚಾವಟಿ ತೋರಿಸಿದ್ದು ದನ ತಡೆಯಲು ಗುಡ್ಡಕ್ಕೆ ಅಡ್ಡ ಕಟ್ಟಿದ ಆ ಗೋಡೆಯ ಆಚೆಗೆ, ಹುಡುಗನ ಕಣ್ಣು ನಿಂತದ್ದು ಈಚೆಗೆ.

ಗೋಡೆಯ ಆಚೆ ಒಂದು ಮುಳ್ಳಿನ ಪೊದೆ ಇತ್ತು. ಅದರೊಳಗೆ ಯಾರದೋ ಸಮಾಧಿ ಇದೆ ಎಂದು ನಮ್ಮವರಿಗೆ ಗೊತ್ತಿಲ್ಲದೆ ಇರಲಿಲ್ಲ. ಪ್ರತಿ ವರ್ಷ ಈ ಕಡೆ ಹುಲ್ಲು ಕೊಯ್ದು ಬೆವರು ಒರೆಸಿಕೊಳ್ಳುತ್ತ, ಯಾವ ಮಕ್ಕಳೋ, ಹೆತ್ತವಳನ್ನು ಹೀಗೆ ಮುಳ್ಳಿಗೆ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದಾರೋ ಎಂದು ಬಯ್ಯುತ್ತಿದ್ದರಂತೆ. ಬಯ್ಯಲು ಬಾರದ ಮನುಷ್ಯ ಜೀವಮಾನದಲ್ಲಿ ಬಯ್ದದ್ದು ಆ ಮಕ್ಕಳನ್ನು ಮಾತ್ರ. ಇದನ್ನು ನನಗೆ ಅಲ್ಲೇ ನೆಲದ ಮೇಲೆ ಕುಸಿದು ಕೂತು ಹೇಳಿದರು.

"ನನ್ನನ್ನೇ ಬೈಕೊಂಡೆ ಕಣೇ ಇಷ್ಟು ವರ್ಷ. ಅವಳು ಅಲ್ಲೇ ಮಲಗಿ ಕೇಳಿಸ್ಕೊಂಡ್ಲು."

ನನ್ನ ಗಂಡ ಹಾಗೆ ಅತ್ತದ್ದನ್ನು ನಾನು ಕಂಡಿರಲಿಲ್ಲ. ಕುದುರೆ ಮಾರಿದ ದಿನವೂ ಅಲ್ಲ. ಬೆನ್ನು ನೀವುತ್ತ ಕೂತೆ. ಇನ್‌ಸುಕ್ ಅಕ್ಕ ಗೋಡೆ ಹಿಡಿದುಕೊಂಡು ಮೆಲ್ಲಗೆ ಒಳಗೆ ಬಂದು, ಮೊದಲು ತಮ್ಮ ಅವ್ವನ ದಿಬ್ಬವನ್ನು ಮುಟ್ಟಿದರು. ಆಮೇಲೆ ನಮ್ಮೆದುರು ಕಷ್ಟಪಟ್ಟು ಕೂತರು.

"ಅವ್ವ ಮುಳ್ಳಾಗೆ ಮುಚ್ಚೋಗವ್ಳೆ ಅಂತ ಎಣಿಸ್ಕೊಂಡು ನಾನು ಬರಕ್ಕೇ ಹೆದರ್ತಿದ್ದೆ ಕಣಪ್ಪ. ಇಲ್ಲಿ ನೋಡಿದ್ರೆ ನಿನ್ನೆ ಮೊನ್ನೆ ತಲೆ ಬಾಚಿದಂಗವ್ಳೆ. ನಾನು ಬರ್ದೆ ಇದ್ದ ವರ್ಷ ಎಲ್ಲಾ ನೀನು ಬಂದೆ. ನಮ್ಮವ್ವಂಗೆ ಗಂಡು ಮಗ ಇರ್ಲಿಲ್ಲ." ಆಮೇಲೆ ಅವರ ತೋಳು ಹಿಡಿದು ಹೇಳಿದರು, "ಏಳು. ನಿಮ್ಮವ್ವನ ತಲೆ ನಾನು ಬಾಚ್ತೀನಿ."

ನಮ್ಮವರು ಎದ್ದರು. ಹೊರಡುವ ಮುಂಚೆ ಆ ದಿಬ್ಬಕ್ಕೆ ಮತ್ತೊಮ್ಮೆ ನಮಸ್ಕಾರ ಮಾಡಿದರು, ಈ ಸಲ ಅವ್ವಾ ಎಂದು ಕರೆಯಲೋ ಬೇಡವೋ ಎಂದು ತಡವರಿಸಿದರು. ಕರಿ ತಮ್ಮಾ, ಕರಿ ಎಂದರು ಅಕ್ಕ. ಕರೆದರು.

ದಾರಿಗೆ ಅಡ್ಡ ಬಂದ ಕೊಂಬೆ ಸವರಲೆಂದು ಬೈಕಿನ ಡಬ್ಬಿಯಲ್ಲಿ ಕುಡುಗೋಲು ಇದ್ದೇ ಇರುತ್ತದೆ. ನಾಲ್ಕೂ ಜನ ದನದ ಗೋಡೆ ದಾಟಿದೆವು. ನಮ್ಮವರು ಬುಡ ಕತ್ತರಿಸಿದರು, ನಾನೂ ಚಿಹಾರುವೂ ಬಳ್ಳಿ ಎಳೆದು ಹಾಕಿದೆವು, ಅಕ್ಕ ಕಲ್ಲಿನ ಮೇಲೆ ಕೂತು ಕೈಗೆ ಸಿಕ್ಕ ಹುಲ್ಲನ್ನು ಒಂದೊಂದೇ ಕಿತ್ತರು. ಗಂಡಸರ ಕೆಲಸವಂತೆ, ಯಾರು ಹೇಳಿದ್ದು. ಮುಳ್ಳು ತರಚಿ ಎಲ್ಲರ ಕೈಯಲ್ಲೂ ರಕ್ತ. ಮಧ್ಯಾಹ್ನ ಬರಬೇಕಿದ್ದ ಗಿರಾಕಿಗಳು ಬೀಗ ನೋಡಿ ವಾಪಸು ಹೋದರೆಂದು ಆಮೇಲೆ ತಿಳಿಯಿತು, ಹೋಗಲಿ ಬಿಡಿ.

ಬಿಸಿಲು ಇಳಿಯುವ ಹೊತ್ತಿಗೆ ಒಳಗಿನಿಂದ ಒಂದು ಚಿಕ್ಕ ದಿಬ್ಬ ಕಾಣಿಸಿತು. ಕಲ್ಲಿನ ಮಗು ಇರಲಿಲ್ಲ. ಸುತ್ತಲ ಗೋಡೆ ಒಂದು ಕಡೆ ಕುಸಿದಿತ್ತು. ಬಡವರ ಸಮಾಧಿ. ನಮ್ಮವರು ಹೆಲ್ಮೆಟ್ಟಿನಿಂದ ಕೆದರಿದ ಕೂದಲನ್ನು ಅಂಗೈಯಿಂದ ಒತ್ತಿಕೊಂಡು ಅದರ ಮುಂದೆ ಮಂಡಿಯೂರಿದರು. ಮದುವೆ, ಮಗಳು ಹುಟ್ಟಿದ್ದು, ಕುದುರೆ, ಸಾಲ, ಜಗಳ, ಹೇಳಬೇಕಾದದ್ದನ್ನೆಲ್ಲ ಇಷ್ಟು ವರ್ಷ ಗೋಡೆಯ ಆ ಕಡೆ ಹೇಳಿಬಿಟ್ಟಿದ್ದರು. ಈ ಅವ್ವನಿಗೆ ಮಗ ನಡೆಯಲು ಕಲಿತದ್ದೂ ಗೊತ್ತಿರಲಿಲ್ಲ.

"ಅವ್ವಾ, ನಾನು ದಾಲ್‌ಹೊ," ಎಂದರು ಕೊನೆಗೆ. "ತಡವಾಯ್ತು." ಆಮೇಲೆ ಹಿಂದಕ್ಕೆ ಕೈಚಾಚಿ ನನ್ನ ಅಂಗಿಯ ಚುಂಗು ಹಿಡಿದು ಮುಂದಕ್ಕೆ ಎಳೆದರು. "ಇವಳು ಒಕ್‌ಹಿ. ನಿನ್ನ ಸೊಸೆ."

ತಲೆ ಬೆಳ್ಳಗಾದ ಮೇಲೆ, ಮಣ್ಣು ಮೆತ್ತಿದ ಬೂಟಿನಲ್ಲಿ, ನಾನು ಅತ್ತೆಯ ಮುಂದೆ ಮೊದಲ ಸಲ ನಿಂತೆ. ಬೂಟು ಕಳಚಿ ಬದಿಗಿಟ್ಟು, ಎರಡೂ ಕೈ ಹಣೆಗೆ ತಂದು, ಹೊಸ ಸೊಸೆ ಮಾಡುವ ಹಾಗೆ ನಿಧಾನವಾಗಿ ನಮಸ್ಕಾರ ಮಾಡಿದೆ.